ಬಾಗಿಲು ತೆರೆಯುವ ಮುನ್ನ ಕಾಗದ ನೋಡಿ

ಬೆಳಿಗ್ಗೆ ಆರೂವರೆಗೆ ಬಾಗಿಲು ಬಡಿದ ಸದ್ದಾಗುತ್ತದೆ ಎಂದುಕೊಳ್ಳಿ. ಹೊರಗೆ ನಾಲ್ವರು ನಿಂತಿದ್ದಾರೆ, ಎದೆಯ ಮೇಲೆ ‘ಪೊಲೀಸ್’ ಎಂದು ಬರೆದ ಜಾಕೆಟ್. ಬಂದವರನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುವುದು ನಮ್ಮ ಕಡೆ ಮರ್ಯಾದೆಯಲ್ಲ. ಅದರಲ್ಲೂ ಸರ್ಕಾರದವರು ಎಂದರೆ ಬಾಗಿಲು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು ‘ಬನ್ನಿ ಸಾರ್’ ಅಂದುಬಿಡುತ್ತೇವೆ. ಅಮೆರಿಕದಲ್ಲಿ ಹಾಗೆ ಪಕ್ಕಕ್ಕೆ ಸರಿದದ್ದನ್ನೇ ಒಳಬರಲು ಕೊಟ್ಟ ಒಪ್ಪಿಗೆ ಎಂದು ವಾದಿಸಲು ಬರುತ್ತದೆ. ಒಪ್ಪಿಗೆ ಕೊಟ್ಟಾಯಿತೆಂದರೆ ವಾರಂಟಿನ ಮಾತೇ ಉಳಿಯುವುದಿಲ್ಲ.

ಅಲ್ಲಿನ ವಲಸೆ ಕಾನೂನನ್ನು ಓದುತ್ತ ಹೋದಂತೆ ನನಗೆ ಗಟ್ಟಿಯಾದ ಅಭಿಪ್ರಾಯ ಇದು: ಕಿತ್ತುಕೊಂಡ ಹಕ್ಕಿಗಾಗಿ ಕೋರ್ಟಿನಲ್ಲಿ ಹೋರಾಡಬಹುದು, ವಿನಯದಿಂದ ನಾವೇ ಬಿಟ್ಟುಕೊಟ್ಟದ್ದಕ್ಕೆ ಕೇಳುವವರಿಲ್ಲ.

‘ನಮ್ಮ ಹುಡುಗರ ಹತ್ತಿರ ವೀಸಾ ಇದೆ, ಇದೆಲ್ಲ ಗಡಿ ಹಾರಿ ಬಂದವರ ಚಿಂತೆ’ ಎನ್ನುವವರುಂಟು. 2019ರ ಆರಂಭದಲ್ಲಿ ಬಯಲಾದ ಮಿಷಿಗನ್‌ನ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಪ್ರಕರಣ ನೆನಪಿಸಿಕೊಳ್ಳಿ. ವಲಸೆ ಇಲಾಖೆಯವರೇ ಬೋರ್ಡು ಹಾಕಿ ನಡೆಸುತ್ತಿದ್ದ ನಕಲಿ ವಿಶ್ವವಿದ್ಯಾಲಯ ಅದು. ಮೊದಲ ಸುತ್ತಿನಲ್ಲಿ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಇನ್ನು 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು (ಅವರ ವಿದ್ಯಾರ್ಥಿ ಸ್ಥಾನಮಾನದ ಸರ್ಕಾರಿ ದಾಖಲೆ) ಸರ್ಕಾರ ಇದ್ದಕ್ಕಿದ್ದಂತೆ ರದ್ದು ಮಾಡಿತು. ಅಮೆರಿಕದ ವಲಸೆ ವಕೀಲರ ಸಂಘ ಕಲೆಹಾಕಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ಭಾರತೀಯರವು. ಅವರಲ್ಲಿ ಅನೇಕರ ಹೆಸರು ಸಿಕ್ಕಿಬಿದ್ದದ್ದು ಹಿಂದೆಂದೋ ಪೊಲೀಸರೊಂದಿಗೆ ಆಗಿ ಮುಗಿದುಹೋಗಿದ್ದ ಸಣ್ಣಪುಟ್ಟ ಕೇಸಿನಿಂದ. ಮೊಕದ್ದಮೆಗಳು ಸಾಲುಗಟ್ಟಿದ ಮೇಲೆ ಅದೇ ತಿಂಗಳ ಕೊನೆಗೆ ದಾಖಲೆಗಳು ಮರಳಿ ಚಾಲ್ತಿಗೆ ಬಂದವು. ಇವರೆಲ್ಲ ವೀಸಾ ಒತ್ತಿಸಿಕೊಂಡು ವಿಮಾನದಲ್ಲಿ ಬಂದಿಳಿದವರೇ.

ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಸಕಾರಣವಿಲ್ಲದ ಶೋಧ ಮತ್ತು ಬಂಧನದಿಂದ ರಕ್ಷಣೆ ಕೊಡುತ್ತದೆ. ಐದನೆಯದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಕೊಡುತ್ತದೆ. ಅಲ್ಲಿನ ನಾಗರಿಕರಲ್ಲದವರಿಗೂ ಸಂವಿಧಾನದ ರಕ್ಷಣೆ ಉಂಟೆಂಬುದು ಹೊಸ ಮಾತೇನಲ್ಲ. 1886ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಲಾಂಡ್ರಿಯವನೊಬ್ಬ ತಂದ ಯಿಕ್ ವೋ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಪರದೇಶದವರಿಗೂ ಸಮಾನ ರಕ್ಷಣೆ ಸಲ್ಲುತ್ತದೆ ಎಂದಿತ್ತು. ದೇಶದೊಳಗಿರುವ ಯಾರಿಗೇ ಆಗಲಿ, ದಾಖಲೆ ಇರಲಿ ಬಿಡಲಿ, ನ್ಯಾಯಬದ್ಧ ವಿಚಾರಣೆಯ ಹಕ್ಕಿದೆ ಎಂದು 2001ರ ಝಡ್ವೈಡಸ್ ತೀರ್ಪಿನಲ್ಲಿ ಮತ್ತೆ ಹೇಳಿತು.

ಎರಡು ಬಗೆಯ ವಾರಂಟು

ವಲಸೆ ಜಾರಿ ಸಂಸ್ಥೆಯವರನ್ನು ಅಲ್ಲಿ ಎಲ್ಲರೂ ‘ಐಸ್’ ಎಂದೇ ಕರೆಯುತ್ತಾರೆ. ಅವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಇಲಾಖೆಯದೇ ವಾರಂಟು. ತಲೆಯ ಮೇಲೆ ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಇಲಾಖೆಯ ಹೆಸರು, ನಮೂನೆ ಸಂಖ್ಯೆ ಐ-200 ಅಥವಾ ಐ-205, ಕೆಳಗೆ ಸಹಿ ಮಾಡಿದವರು ವಲಸೆ ಅಧಿಕಾರಿ. ಕೋರ್ಟಿನ ವಾರಂಟಿನ ಮೇಲೆ ‘ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್’ ಅಥವಾ ರಾಜ್ಯದ ಯಾವುದೋ ನ್ಯಾಯಾಲಯದ ಹೆಸರಿರುತ್ತದೆ, ಸಹಿ ನ್ಯಾಯಾಧೀಶರದು. ಇಲಾಖೆಯ ಕಾಗದ ಬಂಧಿಸಲು ಸಾಕು, ರಸ್ತೆಯಲ್ಲಿ ಸಿಕ್ಕರೆ ಹಿಡಿಯಬಹುದು. ಒಪ್ಪಿಗೆಯಿಲ್ಲದೆ ಮನೆಯೊಳಗೆ ಕಾಲಿಡಲು ಕೋರ್ಟಿನ ವಾರಂಟು ಬೇಕು ಎಂಬುದು ದಶಕಗಳಿಂದ ನಡೆದುಬಂದ ನಿಯಮ. ಹೋಟೆಲ್ ರೂಮಿಗೂ ಇದೇ ಲೆಕ್ಕ. ಕಚೇರಿಯ ರಿಸೆಪ್ಷನ್ ತನಕ ಯಾರು ಬೇಕಾದರೂ ಬರಬಹುದು, ಒಳಗಿನ ಕೆಲಸದ ಜಾಗಕ್ಕೆ ಮಾಲೀಕರ ಒಪ್ಪಿಗೆಯೋ ಕೋರ್ಟಿನ ವಾರಂಟೋ ಇರಬೇಕು.

ಹಾಗಾಗಿ ಬಾಗಿಲು ಮುಚ್ಚಿಯೇ ಇರಲಿ. ‘ಯಾರು? ಯಾವ ಇಲಾಖೆ?’ ಎಂದು ಒಳಗಿನಿಂದಲೇ ಕೇಳಿ. ಐಸ್‌ನವರು ಪೊಲೀಸರು ಎಂದಷ್ಟೇ ಹೇಳಿಕೊಂಡು ಬರುವುದುಂಟು, ಯಾರನ್ನೋ ಹುಡುಕುತ್ತಿದ್ದೇವೆ ಎಂದು ಫೋಟೊ ತೋರಿಸುವುದೂ ಉಂಟು. ‘ವಾರಂಟ್ ಇದ್ದರೆ ಬಾಗಿಲ ಕೆಳಗಿನಿಂದ ತಳ್ಳಿ’ ಎಂದು ಹೇಳಿ, ಇಲ್ಲವೇ ಕಿಟಕಿ ಗಾಜಿಗೆ ಹಿಡಿಯಲು ಹೇಳಿ ಓದಿ. ನ್ಯಾಯಾಧೀಶರ ಸಹಿ ಇದೆಯೇ, ಹೆಸರು ಮತ್ತು ವಿಳಾಸ ಸರಿ ಇವೆಯೇ, ತಾರೀಖು ಯಾವುದು, ಇಷ್ಟನ್ನು ನೋಡಬೇಕು. ಇಲ್ಲವೆಂದಾದರೆ ಹೇಳಬೇಕಾದ ವಾಕ್ಯ ಒಂದೇ: ‘ಐ ಡು ನಾಟ್ ಕನ್ಸೆಂಟ್ ಟು ಯುವರ್ ಎಂಟ್ರಿ.’

ಇಷ್ಟು ಹೇಳಿದ ಮೇಲೆ ಕಹಿಯಾದ ಒಂದು ಮಾತನ್ನೂ ಹೇಳಬೇಕು. ಅಂತಿಮ ಗಡಿಪಾರು ಆದೇಶ ಆಗಿರುವವರ ಮನೆಗೆ ಐ-205 ಒಂದನ್ನೇ ಹಿಡಿದು ಬಲವಂತವಾಗಿ ನುಗ್ಗಬಹುದು ಎಂದು 2025ರ ಮೇ ತಿಂಗಳಲ್ಲಿ ಐಸ್ ಮುಖ್ಯಸ್ಥರು ಆಂತರಿಕ ಸೂಚನೆ ಕೊಟ್ಟದ್ದು 2026ರ ಜನವರಿಯಲ್ಲಿ ಹೊರಬಿತ್ತು. ಹಳೆಯ ನಿಯಮಕ್ಕೆ ಇದು ನೇರ ವಿರುದ್ಧ, ಕೋರ್ಟಿನಲ್ಲಿ ಪ್ರಶ್ನೆಗೂ ಒಳಗಾಗಿದೆ. ಆದರೆ ಬಾಗಿಲು ಮುರಿಯುತ್ತಿರುವಾಗ ವಾದ ಮಾಡುವುದಕ್ಕಾಗುವುದಿಲ್ಲ. ನುಗ್ಗಿದರೆ ಅಡ್ಡ ನಿಲ್ಲಬೇಡಿ, ತಳ್ಳಬೇಡಿ, ಓಡಬೇಡಿ. ಒಪ್ಪಿಗೆ ಇಲ್ಲವೆಂಬುದನ್ನು ಜೋರಾಗಿ ಹೇಳಿ, ಸಾಧ್ಯವಾದರೆ ವಿಡಿಯೊ ಮಾಡಿಕೊಳ್ಳಿ. ವಕೀಲರಿಗೆ ಮುಂದೆ ಕೆಲಸಕ್ಕೆ ಬರುವುದು ಅದು.

‘ತಪ್ಪಾಗಿ ನುಗ್ಗಿದರೆ ಕೇಸೇ ಬಿದ್ದುಹೋಗುತ್ತದಲ್ಲ’ ಎಂದು ಕೆಲವರು ತಿಳಿದಿದ್ದಾರೆ. ಕ್ರಿಮಿನಲ್ ಕೇಸಿನ ಮಾತು ಅದು. ಗಡಿಪಾರು ಎಂಬುದು ಸಿವಿಲ್ ವ್ಯವಹಾರ. 1984ರ ಲೋಪೆಜ್-ಮೆಂಡೋಜಾ ತೀರ್ಪಿನಿಂದಾಗಿ, ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯ ಅಲ್ಲಿ ಸಾಮಾನ್ಯವಾಗಿ ತಿರಸ್ಕೃತವಾಗುವುದಿಲ್ಲ, ತೀರಾ ಅತಿರೇಕದ ಸಂದರ್ಭ ಬಿಟ್ಟು. ಹೊಸ್ತಿಲ ಮೇಲಿನ ಆ ಎರಡು ನಿಮಿಷಕ್ಕೆ ಇಷ್ಟು ಬೆಲೆ ಬಂದದ್ದು ಇದರಿಂದಲೇ.

ನಾಲ್ಕೈದು ಹುಡುಗರು ಸೇರಿ ಅಪಾರ್ಟ್‌ಮೆಂಟ್ ಹಿಡಿದಿರುವಲ್ಲಿ ಇನ್ನೊಂದು ತೊಡಕಿದೆ. ಒಬ್ಬ ರೂಮ್‌ಮೇಟ್ ‘ಬನ್ನಿ’ ಎಂದರೆ ಹಾಲ್, ಅಡುಗೆಮನೆಯಂಥ ಎಲ್ಲರೂ ಬಳಸುವ ಜಾಗಕ್ಕೆ ಆ ಒಪ್ಪಿಗೆ ಸಾಕು. ಅಲ್ಲೇ ಇರುವ ಇನ್ನೊಬ್ಬ ‘ನನ್ನ ಒಪ್ಪಿಗೆ ಇಲ್ಲ’ ಎಂದರೆ ಲೆಕ್ಕ ಬದಲಾಗುತ್ತದೆ, 2006ರ ಜಾರ್ಜಿಯಾ ವಿರುದ್ಧ ರಾಂಡಾಲ್ಫ್ ತೀರ್ಪು ಹೇಳುವುದು ಅದನ್ನೇ. ಬಾಡಿಗೆ ಎಷ್ಟೆಷ್ಟು ಹಂಚಿಕೊಳ್ಳಬೇಕೆಂದು ಮಾತಾಡುವ ದಿನವೇ ಇದನ್ನೂ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಮೌನ ಯಾರಿಗೆ, ಎಷ್ಟು

ಸುಮ್ಮನಿರುವ ಹಕ್ಕು ಎಲ್ಲರಿಗೂ ಇದೆ. ‘ಎಲ್ಲಿ ಹುಟ್ಟಿದ್ದು, ಹೇಗೆ ಬಂದಿರಿ, ಸ್ಟೇಟಸ್ ಏನು’ ಎಂಬ ಪ್ರಶ್ನೆಗಳಿಗೆ ಉತ್ತರಿಸಲೇಬೇಕೆಂದಿಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ‘ಬಾಯಿ ಬಿಡಬೇಡಿ’ ಎಂಬ ಸಲಹೆಯನ್ನು ಎಚ್-1ಬಿ, ಎಫ್-1, ಗ್ರೀನ್ ಕಾರ್ಡಿನವರು ಹಾಗೆಹಾಗೇ ನುಂಗಬಾರದು. 18 ದಾಟಿದ ವಿದೇಶೀಯರು ನೋಂದಣಿಯ ಪುರಾವೆಯನ್ನು ಸದಾ ಜೊತೆಗಿಟ್ಟುಕೊಂಡಿರಬೇಕು ಎಂದು ಕಾನೂನಿದೆ. ತಪ್ಪಿದರೆ ದಂಡ, 30 ದಿನದವರೆಗೆ ಸೆರೆ. ಬಹುಕಾಲ ಯಾರೂ ತಲೆಕೆಡಿಸಿಕೊಳ್ಳದೆ ಬಿಟ್ಟಿದ್ದ ಈ ಕಾನೂನಿಗೆ 2025ರ ಏಪ್ರಿಲ್ 11ರಿಂದ ಜಾರಿಗೆ ಬಂದ ನೋಂದಣಿ ನಿಯಮದ ಜೊತೆ ಮತ್ತೆ ಜೀವ ಬಂದಿದೆ.

ಗ್ರೀನ್ ಕಾರ್ಡಿನವರು ಕಾರ್ಡನ್ನೇ ಇಟ್ಟುಕೊಳ್ಳಬೇಕು. ಓದಿನ ನಂತರ ಒಪಿಟಿ ಎಂಬ ತರಬೇತಿ ಕೆಲಸದಲ್ಲಿರುವವರಿಗೆ ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡ್. ಎಚ್-1ಬಿಯವರಿಗೆ, ಪ್ರವಾಸಿಗಳಿಗೆ ಐ-94. ಗಡಿ ಇಲಾಖೆಯ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ಐ-94 ಸಿಗುತ್ತದೆ, ಮುದ್ರಿಸಿ ಮಡಚಿ ಪರ್ಸಿನಲ್ಲಿಡಿ. ದೇಶದೊಳಗಿದ್ದೇ ಎಚ್-1ಬಿ ವಿಸ್ತರಣೆ ಮಾಡಿಸಿಕೊಂಡವರ ಹೊಸ ಐ-94, ಮಂಜೂರಾತಿ ತಿಳಿಸುವ ಐ-797ಎ ಕಾಗದದ ಕೆಳತುದಿಯಲ್ಲೇ ಇರುತ್ತದೆ, ಎಷ್ಟೋ ಜನ ಅದನ್ನು ಗಮನಿಸಿರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒತ್ತಿದ ವೀಸಾದ ಅವಧಿ ಮುಗಿದಿದ್ದರೆ ಗಾಬರಿ ಬೇಡ. ಅದು ದೇಶದೊಳಕ್ಕೆ ಬರುವ ರಹದಾರಿ ಅಷ್ಟೆ, ಎಷ್ಟು ದಿನ ಇರಬಹುದು ಎನ್ನುವುದನ್ನು ಹೇಳುವುದು ಐ-94. ಮಗಳ ಬಾಣಂತನಕ್ಕೆ ಹೋದ ಅಮ್ಮನ ವೀಸಾ ಹತ್ತು ವರ್ಷದ್ದಾಗಿರಬಹುದು, ಐ-94 ಸಾಮಾನ್ಯವಾಗಿ ಆರೇ ತಿಂಗಳು. ಅಲ್ಲಿಯ ಪೌರತ್ವ ಪಡೆದವರು ಏನನ್ನೂ ಇಟ್ಟುಕೊಳ್ಳಬೇಕೆಂದಿಲ್ಲ. ಆದರೂ ನಮ್ಮ ಮೈಬಣ್ಣದವರು ಪರ್ಸಿನಲ್ಲಿ ಹಿಡಿಯುವ ಪಾಸ್‌ಪೋರ್ಟ್ ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಈಗಿನ ಮಟ್ಟಿಗೆ ಜಾಣತನ.

ಅಂದರೆ ದಾಖಲೆ ಸರಿ ಇದ್ದವರು ಅದನ್ನು ತೋರಿಸಬೇಕು. ಅದಕ್ಕೂ ಮೀರಿದ ಪ್ರಶ್ನೆಗಳಿಗೆ ‘ವಕೀಲರ ಜೊತೆ ಮಾತಾಡದೆ ಉತ್ತರಿಸುವುದಿಲ್ಲ’ ಎನ್ನಬಹುದು. ಸುಮ್ಮನಿದ್ದರೆ ಸಾಲದು, ಮೌನದ ಹಕ್ಕನ್ನು ಬಳಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕು ಎಂದು 2010ರ ಬರ್ಗೂಯಿಸ್ ತೀರ್ಪು ಹೇಳಿದೆ: ‘ಐ ವಿಶ್ ಟು ರಿಮೇನ್ ಸೈಲೆಂಟ್.’ ಯಾವ ಕಾರಣಕ್ಕೂ ಮಾಡಬಾರದ್ದು ಸುಳ್ಳು ಹೇಳುವುದು. ಭಯಕ್ಕೆ ‘ಐ ಆ್ಯಮ್ ಎ ಸಿಟಿಜನ್’ ಅಂದುಬಿಟ್ಟರೆ ಆ ಒಂದು ವಾಕ್ಯ ಗ್ರೀನ್ ಕಾರ್ಡಿನ ದಾರಿಯನ್ನು ಹೆಚ್ಚುಕಡಿಮೆ ಶಾಶ್ವತವಾಗಿ ಮುಚ್ಚಬಲ್ಲದು. ಆಡಿದ ಮಾತು, ಒಡೆದ ಮುತ್ತು.

ಎಚ್-1ಬಿಯವರ ಕಚೇರಿಗೆ ಕೆಲವೊಮ್ಮೆ ಬರುವ ತಪಾಸಣೆಯವರ ವಿಷಯ ಬೇರೆ. ಅರ್ಜಿಯಲ್ಲಿ ಬರೆದ ಹುದ್ದೆ, ಸಂಬಳ, ಜಾಗ ನಿಜವೇ ಎಂದು ನೋಡುವುದು ಅವರ ಕೆಲಸ. 2025ರ ಜನವರಿ 17ರಿಂದ ಜಾರಿಯಲ್ಲಿರುವ ನಿಯಮದಂತೆ ಸಹಕರಿಸದಿದ್ದರೆ ಅರ್ಜಿಯೇ ತಿರಸ್ಕೃತವಾಗಬಹುದು, ಮಂಜೂರಾದದ್ದೂ ರದ್ದಾಗಬಹುದು. ಅಲ್ಲಿ ಮೌನ ವಹಿಸಿದರೆ ನಷ್ಟ ನಿಮ್ಮದೇ.

ವಾಕಿಂಗ್ ಹೊರಟ ಅಪ್ಪ

2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಎಂಬ ಊರಿನಲ್ಲಿ, ಮಗನ ಮನೆಗೆ ಗುಜರಾತಿನಿಂದ ಬಂದಿದ್ದ 57 ವರ್ಷದ ಒಬ್ಬರು ಬೆಳಿಗ್ಗೆ ಕಾಲುದಾರಿಯಲ್ಲಿ ನಡೆಯುತ್ತಿದ್ದರು. ಯಾರೋ ಅಪರಿಚಿತ ಮನೆಗಳತ್ತ ನೋಡುತ್ತ ತಿರುಗುತ್ತಿದ್ದಾನೆ ಎಂದು ನೆರೆಯವರು ಫೋನು ಮಾಡಿದರು. ಪೊಲೀಸರ ಪ್ರಶ್ನೆಗಳು ಅವರಿಗೆ ಅರ್ಥವಾಗಲಿಲ್ಲ, ‘ನೋ ಇಂಗ್ಲಿಷ್’ ಎಂದರು. ಅಧಿಕಾರಿಯೊಬ್ಬ ಅವರನ್ನು ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟು ಬಿದ್ದು ಶಸ್ತ್ರಚಿಕಿತ್ಸೆ ಆಯಿತು, ಕೈಕಾಲುಗಳ ಸ್ವಾಧೀನ ಭಾಗಶಃ ಹೋಯಿತು. ಪೊಲೀಸ್ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿದ್ದರೂ ಎರಡು ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು.

ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರ ದಿನಚರಿಯೂ ಇದೇ ತಾನೆ? ಮಂಕಿ ಕ್ಯಾಪ್ ಹಾಕಿಕೊಂಡು, ಕೈ ಜೇಬಿನಲ್ಲಿಟ್ಟುಕೊಂಡು, ಯಾರ ಮನೆ ಮುಂದೆ ಯಾವ ಗಿಡವಿದೆ ಎಂದು ನೋಡುತ್ತ ನಡೆಯುವುದು. ಮೊದಲು ಆ ಮಂಕಿ ಕ್ಯಾಪ್ ಬಿಡಿಸಿ, ಕಿವಿ ಮುಚ್ಚುವ ಬೇರೆ ಟೋಪಿ ಸಿಗುತ್ತದೆ. ಜೇಬಿನಲ್ಲಿ ಒಂದು ಚೀಟಿ ಇರಲಿ: ಇಂಗ್ಲಿಷಿನಲ್ಲಿ ಹೆಸರು, ಮಗನ ಅಥವಾ ಮಗಳ ವಿಳಾಸ, ಫೋನು, ‘ನಾನು ಕನ್ನಡ ಮಾತಾಡುತ್ತೇನೆ, ಇಂಗ್ಲಿಷ್ ಬರುವುದಿಲ್ಲ’ ಎಂಬ ಸಾಲು. ಜೊತೆಗೆ ಐ-94 ಪ್ರತಿ. ಪೊಲೀಸರು ಕೂಗಿದರೆ ನಿಲ್ಲಬೇಕು, ಕೈ ಕಾಣುವಂತಿರಬೇಕು, ಚೀಟಿ ತೆಗೆಯಲು ಸರಕ್ಕನೆ ಜೇಬಿಗೆ ಕೈ ಹಾಕಬಾರದು, ಬೆರಳಿನಿಂದ ತೋರಿಸಿ ನಿಧಾನಕ್ಕೆ ತೆಗೆಯಬೇಕು. ಮನೆಯಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿಸಿದರೆ ಅಪ್ಪ ಗೊಣಗಬಹುದು, ಗೊಣಗಲಿ.

ರಸ್ತೆಯಲ್ಲಿ ತಡೆದು ನಿಲ್ಲಿಸಲು ಪೊಲೀಸರಿಗಾಗಲಿ ಐಸ್‌ಗಾಗಲಿ ಸಕಾರಣ ಅನುಮಾನವಿರಬೇಕು. ಸುಮ್ಮನೆ ಮಾತಾಡಿಸುತ್ತಿದ್ದಾರೋ ತಡೆದಿದ್ದಾರೋ ತಿಳಿಯಲು ‘ಆ್ಯಮ್ ಐ ಫ್ರೀ ಟು ಗೋ?’ ಎಂದು ಕೇಳಿ. ‘ಯೆಸ್’ ಎಂದರೆ ನಿಧಾನಕ್ಕೆ ಹೊರಡಿ. ತಡೆದಿದ್ದರೆ ಹಲವು ರಾಜ್ಯಗಳಲ್ಲಿ ಪೊಲೀಸರಿಗೆ ಹೆಸರು ಹೇಳಲೇಬೇಕು. ಮುಖಚಹರೆ ಒಂದೇ ಅನುಮಾನಕ್ಕೆ ಆಧಾರವಾಗದು ಎಂದು 1975ರಿಂದ ತೀರ್ಪಿದೆ. ಆದರೆ ಲಾಸ್ ಏಂಜಲೀಸ್‌ನಲ್ಲಿ ವಲಸೆ ಅಧಿಕಾರಿಗಳ ಸುತ್ತುಗಸ್ತಿಗೆ ಕೆಳ ಕೋರ್ಟು ಹಾಕಿದ್ದ ಕಡಿವಾಣವನ್ನು 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟು ತಡೆಹಿಡಿಯಿತು. ಜನಾಂಗವೂ ಇತರ ಕಾರಣಗಳ ಜೊತೆ ಸೇರುವ ಒಂದು ಅಂಶವಾಗಬಹುದು ಎಂದು ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕವಾಗಿ ಬರೆದರು. ಬೀದಿಯಲ್ಲಿ ಅದರ ಅರ್ಥವೇನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರಿನಿಂದ ಇಳಿಯಬೇಡಿ

ಊರಿನಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರೆ ಗಾಡಿ ಬದಿಗೆ ಹಾಕಿ, ಕಾಗದಪತ್ರ ಹಿಡಿದು, ನಾವೇ ಅವರ ಹತ್ತಿರ ನಡೆದು ಹೋಗುತ್ತೇವೆ. ಅಮೆರಿಕದಲ್ಲಿ ಹಾಗೆ ಇಳಿದು ಬಂದವನನ್ನು ದಾಳಿಗೆ ಬರುತ್ತಿರುವವನೆಂದು ತಿಳಿದು ಬಂದೂಕಿಗೆ ಕೈ ಹಾಕಬಹುದು. ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕಾಯಬೇಕು. ಇಳಿಯಿರಿ ಎಂದು ಅವರೇ ಹೇಳಿದರೆ ಇಳಿಯಬೇಕು. ಚಾಲಕ ಲೈಸೆನ್ಸ್, ರಿಜಿಸ್ಟ್ರೇಷನ್, ವಿಮೆ ತೋರಿಸಲೇಬೇಕು. ‘ಡಿಕ್ಕಿ ನೋಡಬಹುದಾ?’ ಎಂದು ನಗುತ್ತ ಕೇಳಿದರೆ ಅದು ಪ್ರಶ್ನೆ, ಆಜ್ಞೆಯಲ್ಲ. ಬೇಡವೆನ್ನುವ ಹಕ್ಕು ನಿಮಗಿದೆ ಎಂದು ತಿಳಿಸಬೇಕಾದ ಜವಾಬ್ದಾರಿ ಅವರಿಗಿಲ್ಲವೆಂದು 1973ರಲ್ಲೇ ತೀರ್ಪಾಗಿದೆ. ‘ಐ ಡು ನಾಟ್ ಕನ್ಸೆಂಟ್ ಟು ಎ ಸರ್ಚ್’ ಎಂದು ಸೌಮ್ಯವಾಗಿ ಹೇಳಿ. ಫೋನ್ ಒಳಗೆ ನೋಡಲು ಪೊಲೀಸರಿಗೆ ವಾರಂಟು ಬೇಕು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಾತ್ರ ಈ ರಕ್ಷಣೆ ಬಹಳ ತೆಳು, ಅಲ್ಲಿ ವಾರಂಟಿಲ್ಲದೆ ಫೋನ್ ನೋಡುತ್ತಾರೆ, ವೀಸಾದವರು ನಿರಾಕರಿಸಿದರೆ ಹಿಂದಕ್ಕೆ ಕಳಿಸಲೂಬಹುದು. ಇನ್ನು, ‘ಏನಾದರೂ ಅಡ್ಜಸ್ಟ್ ಮಾಡಿ ಸಾರ್’ ಎಂದು ನೋಟು ಮುಂದೆ ಹಿಡಿದರೆ ಟ್ರಾಫಿಕ್ ಚೀಟಿಯಲ್ಲಿ ಮುಗಿಯುತ್ತಿದ್ದದ್ದು ಲಂಚದ ಕ್ರಿಮಿನಲ್ ಕೇಸಾಗುತ್ತದೆ.

ಪೊಲೀಸ್ ಠಾಣೆಯಲ್ಲಿ ತೆಗೆದ ಬೆರಳಚ್ಚು ವಲಸೆ ಇಲಾಖೆಗೂ ತಲುಪುತ್ತದೆ. ಅಲ್ಲಿಂದ ‘ಇವರನ್ನು ಇನ್ನೂ 48 ಗಂಟೆ ಬಿಡಬೇಡಿ’ ಎಂಬ ಕೋರಿಕೆ ಜೈಲಿಗೆ ಬರಬಹುದು. ಕ್ಯಾಲಿಫೋರ್ನಿಯಾದಂಥ ರಾಜ್ಯ ಅಂಥ ಸಹಕಾರಕ್ಕೆ ಮಿತಿ ಹಾಕಿದೆ, ಟೆಕ್ಸಾಸ್ ಪಾಲಿಸಲೇಬೇಕು ಎನ್ನುತ್ತದೆ. ಒಂದೇ ತಪ್ಪಿಗೆ ಸ್ಯಾನ್ ಹೊಸೆಯ ಕನ್ನಡಿಗನಿಗೂ ಡಲ್ಲಾಸ್‌ನ ಕನ್ನಡಿಗನಿಗೂ ಫಲ ಬೇರೆಬೇರೆಯಾಗುವುದು ಹೀಗೆ. ಕುಡಿದು ಕಾರು ಓಡಿಸಿ ಬಂಧನವಾದರೆ, ಶಿಕ್ಷೆಯಾಗುವ ಮೊದಲೇ ವೀಸಾ ರದ್ದು ಮಾಡುವ ಪದ್ಧತಿಯಿದೆ. ಮಾಲ್‌ನಲ್ಲಿ ಬಿಲ್ ಮಾಡಿಸದೆ ಚೀಲಕ್ಕೆ ಹಾಕಿಕೊಂಡ ಕ್ರೀಮಿನ ಡಬ್ಬಿ ಸಣ್ಣ ವಿಷಯವೆನ್ನಿಸಬಹುದು, ವಲಸೆ ಕಾನೂನಿನ ಕಣ್ಣಿಗೆ ಅದು ನೈತಿಕ ಅಧಃಪತನದ ಅಪರಾಧ. ಹಾಗಾಗಿ ‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡೋಣ’ ಎನ್ನುವ ಮೊದಲು ವಲಸೆಯ ಮೇಲೆ ಏನು ಪರಿಣಾಮವೆಂದು ಕ್ರಿಮಿನಲ್ ವಕೀಲರನ್ನು ಕೇಳಿ. ಅದನ್ನು ಹೇಳುವುದು ಅವರ ಕರ್ತವ್ಯ ಎಂದು 2010ರ ಪಡೀಯಾ ತೀರ್ಪು ವಿಧಿಸಿದೆ.

ಹಿಡಿದ ಮೇಲೆ

ಕ್ರಿಮಿನಲ್ ಕೇಸಿನಲ್ಲಿ ಬಡವರಿಗೆ ಸರ್ಕಾರ ವಕೀಲರನ್ನು ಕೊಡುತ್ತದೆ. ವಲಸೆ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ದುಡ್ಡು ನಿಮ್ಮದೇ. ಬಂಧನದಲ್ಲಿರುವಾಗ ಮುಂದೆ ಹಿಡಿಯುವ ಕಾಗದಗಳಲ್ಲಿ ವಿಚಾರಣೆಯೇ ಬೇಡವೆಂದು ಒಪ್ಪಿ ಹೊರಡುವ ನಮೂನೆಗಳೂ ಇರುತ್ತವೆ. ಸಹಿ ಹಾಕಿದರೆ ಬೇಗ ಊರು ಸೇರಬಹುದೆಂಬ ಆಸೆ ಸಹಜ, ಕೆಲವರಿಗೆ ಅದೇ ಸರಿಯಾದ ದಾರಿಯೂ ಇರಬಹುದು. ಆದರೆ ಕೆಲವು ಸಹಿಗಳು ಹತ್ತು ವರ್ಷ ಮರಳಿ ಬಾರದಂತೆ ಮಾಡಬಲ್ಲವು, ವಕೀಲರು ಓದುವ ತನಕ ಪೆನ್ನು ಮುಟ್ಟಬೇಡಿ. ವಿಮಾನ ನಿಲ್ದಾಣದಲ್ಲಿ ಗ್ರೀನ್ ಕಾರ್ಡ್ ಬಿಟ್ಟುಕೊಡಲು ಕೊಡುವ ಐ-407 ನಮೂನೆಗೂ ಇದೇ ಮಾತು. ಮಕ್ಕಳ ಜೊತೆ ಕೆಲ ತಿಂಗಳು, ಊರಿನಲ್ಲಿ ಕೆಲ ತಿಂಗಳು ಇರುವ ವಯಸ್ಸಾದ ಗ್ರೀನ್ ಕಾರ್ಡಿನವರಿಗೆ ಇದನ್ನು ಮುಂಚೆಯೇ ಹೇಳಿಟ್ಟಿರಿ. ಸಹಿ ಹಾಕದಿದ್ದರೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಅವಕಾಶ ಉಳಿಯುತ್ತದೆ.

ತಪಾಸಣೆ ಮುಗಿಸಿ ಕಾನೂನುಬದ್ಧವಾಗಿ ಒಳಬಂದವರು ಸಾಮಾನ್ಯವಾಗಿ ಜಾಮೀನು ಕೇಳಬಹುದು, ಕನಿಷ್ಠ ಮೊತ್ತ 1,500 ಡಾಲರ್. ಅದಕ್ಕಿಂತ ಎಷ್ಟೋ ಹೆಚ್ಚು ಕೇಳುವುದೇ ರೂಢಿ.

ಕಾನ್ಸುಲೇಟಿನ ವಿಷಯ ನಮ್ಮವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ವಿದೇಶೀಯ ತನ್ನ ದೇಶದ ದೂತಾವಾಸಕ್ಕೆ ಸುದ್ದಿ ಮುಟ್ಟಿಸುವಂತೆ ಕೇಳಬಹುದು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ಪಾಕಿಸ್ತಾನದ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 2019ರಲ್ಲಿ ಗೆದ್ದದ್ದು ಇದೇ ವಿಧಿಯ ಬಲದಿಂದ. ಕೆಲವು ದೇಶಗಳವರನ್ನು ಬಂಧಿಸಿದರೆ ಅವರು ಕೇಳದಿದ್ದರೂ ಅಮೆರಿಕ ತಿಳಿಸಲೇಬೇಕು, ಆ ಪಟ್ಟಿಯಲ್ಲಿ ಭಾರತ ಇಲ್ಲ. ಬಂಧಿತರೇ ಕೇಳಬೇಕು: ‘ಪ್ಲೀಸ್ ನೋಟಿಫೈ ದಿ ಇಂಡಿಯನ್ ಕಾನ್ಸುಲೇಟ್.’ ದೂತಾವಾಸ ಜೈಲಿನಿಂದ ಬಿಡಿಸುವುದಿಲ್ಲ. ಭೇಟಿಯಾಗುತ್ತದೆ, ಮನೆಗೆ ತಿಳಿಸುತ್ತದೆ, ವಕೀಲರ ಪಟ್ಟಿ ಕೊಡುತ್ತದೆ.

ಬಂಧಿತರನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದು ಸಾಮಾನ್ಯ. ಐಸ್‌ನ ವೆಬ್‌ಸೈಟಿನಲ್ಲಿ ಎ-ನಂಬರ್ (ವಲಸೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಮತ್ತು ಹುಟ್ಟಿದ ದೇಶ ಕೊಟ್ಟು ಎಲ್ಲಿದ್ದಾರೆಂದು ಹುಡುಕಬಹುದು. ಈ ನಂಬರ್ ಗ್ರೀನ್ ಕಾರ್ಡಿನ ಮೇಲೆ, ಇಎಡಿಯ ಮೇಲೆ ಇರುತ್ತದೆ. ಎ-ನಂಬರ್ ಇಲ್ಲದವರನ್ನು ಹೆಸರಿನಿಂದ ಹುಡುಕಬೇಕು, ಅಲ್ಲಿ ನಮ್ಮವರ ಇನಿಷಿಯಲ್ ಅಪ್ಪನ ಹೆಸರೋ ಊರಿನ ಹೆಸರೋ ಆಗಿ ಬಿಡಿಸಿಕೊಂಡು ‘ಸರ್‌ನೇಮ್’ ಜಾಗದಲ್ಲಿ ಕೂತು ಗೊಂದಲ ಎಬ್ಬಿಸುತ್ತದೆ. ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳನ್ನೇ ಯಥಾವತ್ತಾಗಿ ಹಾಕಬೇಕು. ಪಾಸ್‌ಪೋರ್ಟ್, ಐ-94, ಐ-797ರ ಪ್ರತಿಗಳನ್ನು ಮೈಸೂರಿನ ಅಕ್ಕನಿಗೋ ಹುಬ್ಬಳ್ಳಿಯ ತಮ್ಮನಿಗೋ ಕಳಿಸಿಟ್ಟಿದ್ದರೆ ಆ ಹೊತ್ತಿನಲ್ಲಿ ತಡಕಾಡಬೇಕಿಲ್ಲ. ಮನೆ ಬದಲಿಸಿದ 10 ದಿನದೊಳಗೆ ಎಆರ್-11 ನಮೂನೆಯಲ್ಲಿ ವಿಳಾಸ ತಿಳಿಸುವುದನ್ನೂ ಮರೆಯಬೇಡಿ. ಕೋರ್ಟಿನ ನೋಟಿಸು ಹಳೆ ಮನೆಗೆ ಹೋಗಿ, ನೀವು ಹಾಜರಾಗದೆ, ನಿಮ್ಮ ಬೆನ್ನ ಹಿಂದೆಯೇ ಗಡಿಪಾರಿನ ಆದೇಶವಾಗಿಬಿಡಬಹುದು.

ವಲಸೆ ನ್ಯಾಯಾಲಯ ದುಭಾಷಿಯನ್ನು ತನ್ನ ಖರ್ಚಿನಲ್ಲೇ ಕೊಡುತ್ತದೆ. ಭಾರತದವರು ಎಂದೊಡನೆ ಹಿಂದಿಯವರನ್ನು ಗೊತ್ತು ಮಾಡಿದರೆ ‘ಸ್ವಲ್ಪ ಬರುತ್ತೆ, ಪರವಾಗಿಲ್ಲ’ ಎಂದು ಅಪ್ಪ ಅಮ್ಮ ಸಂಕೋಚದಿಂದ ಒಪ್ಪಿಬಿಡುತ್ತಾರೆ. ಒಪ್ಪಬೇಡಿ. ಕನ್ನಡದ ದುಭಾಷಿ ಬೇಕೆಂದು ಮೊದಲ ದಿನವೇ ದಾಖಲಾಗುವಂತೆ ಹೇಳಿ, ಅದಕ್ಕಾಗಿ ಹಿಯರಿಂಗ್ ಮುಂದೆ ಹೋದರೂ ಹೋಗಲಿ. ಯಾವ ತಾರೀಖಿಗೆ ಬಂದಿರಿ, ಯಾಕೆ ಉಳಿದಿರಿ, ಯಾರ ಮನೆಯಲ್ಲಿ ಏನು ಕೆಲಸ ಮಾಡಿದಿರಿ ಎಂದು ಅಲ್ಲಿ ಕೇಳುತ್ತಾರೆ. ಮೊಮ್ಮಗುವನ್ನು ನೋಡಿಕೊಂಡದ್ದನ್ನು ಅರೆಬರೆ ಹಿಂದಿಯಲ್ಲಿ ‘ಕಾಮ್ ಕಿಯಾ’ ಎಂದರೆ ಪ್ರವಾಸಿ ವೀಸಾದಲ್ಲಿ ಬಂದು ಕೆಲಸ ಮಾಡಿದರೆಂದು ದಾಖಲೆಗೆ ಹೋಗಬಹುದು.